ಸರ್ವೆ ನಂಬರ್ ಹಿಡಿದು ಎಂಟು ತಲೆಮಾರು ಹುಡುಕಿದೆ

ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಊರೂರು ತಿರುಗಿ ಓದಿಹೇಳುವ ಹೆಳವರ ಮಾತು ನಂಬಿ ವಂಶಾವಳಿ ಬರೆಯಬೇಡ, ಅವರು ಕಾಳುಕಡಿಯ ಆಸೆಗೆ ಹೆಸರು ಹೆಣೆಯುತ್ತಾರೆ ಎಂದು ನನಗೆ ಹೇಳದವರಿಲ್ಲ. ಈ ಕೆಲಸದಲ್ಲಿ ಪಳಗಿದ ಗೆಳೆಯರೂ ಅದನ್ನೇ ಹೇಳಿದರು. ಈಗ ನನ್ನ ಬಳಿ ಎಂಟು ತಲೆಮಾರಿನ ಪಟ್ಟಿ ಇದೆ. ಅದರಲ್ಲಿ ಆರಕ್ಕೆ ಕಾಗದದ ಆಧಾರವಿದೆ. ಆ ಆರರಲ್ಲಿ ಹೆಳವರ ಪುಸ್ತಕ ಎಲ್ಲಿಯೂ ತಪ್ಪಿಲ್ಲ. ಹಾಗಾಗಿ ಮೇಲಿನ ಎರಡನ್ನೂ ನಾನು ನಂಬುತ್ತೇನೆ. ನಂಬದವರು ನನ್ನ ಕಡತ ಬಂದು ನೋಡಬಹುದು.

ನಮ್ಮದು ಧಾರವಾಡ ಜಿಲ್ಲೆಯ ಎರೆ ಹೊಲದ ಒಕ್ಕಲುತನದ ಮನೆ. ಮೊದಮೊದಲು ಹಣವೆಲ್ಲ ಬೇರೆ ದಾರಿಯಲ್ಲಿ ಹೋಯಿತು. ಕಾಶಿಯಲ್ಲಿ ಯಾತ್ರಿಕರ ಹೆಸರು ಬರೆದಿಡುವ ಪುರೋಹಿತರಾದ ಪಂಡಾಗಳ ವಹಿಯಲ್ಲಿ ಹೆಸರು ಸಿಗುತ್ತದೆ ಎಂದು ಕೇಳಿ ಹೋಗಿದ್ದೆ. ಹೋಗಿಬರಲು, ಉಳಿಯಲು, ದಕ್ಷಿಣೆಗೆ ಎಲ್ಲ ಸೇರಿ 18,000 ರೂಪಾಯಿ ಆಗಿರಬೇಕು. ನಮ್ಮ ಹಿರಿಯರು ಆ ಕಡೆ ಕಾಲಿಟ್ಟವರೇ ಅಲ್ಲ, ಹೆಸರು ಎಲ್ಲಿಂದ ಬರಬೇಕು? ಡಿಎನ್‌ಎ ಪರೀಕ್ಷೆಗೆ ಹತ್ತಿರ ಹತ್ತಿರ 10,000 ಕೊಟ್ಟೆ. ನಮ್ಮ ಸೀಮೆಯವರು ಪರೀಕ್ಷೆ ಮಾಡಿಸದ ಹೊರತು ಅದರಲ್ಲಿ ಹೋಲಿಕೆಗೆ ಯಾರೂ ಸಿಗುವುದಿಲ್ಲ. ಹಳೆಯ ದಾಖಲೆ ತೆಗೆಸಿಕೊಡುತ್ತೇನೆಂದ ಮಧ್ಯವರ್ತಿಯೊಬ್ಬ 5,000 ಪಡೆದು ಕಂಪ್ಯೂಟರ್ ಉತಾರ, ಅಂದರೆ ಈಗಿನ ಪಹಣಿಯ ಪ್ರತಿ, ತಂದುಕೊಟ್ಟ. ಅದನ್ನು ನಾಡಕಚೇರಿಯಲ್ಲಿ ಚಿಲ್ಲರೆ ಹಣಕ್ಕೆ ನಾನೇ ಪಡೆಯಬಹುದಿತ್ತು. ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದಾರಿ ತಿರುಗಿದ್ದು ಮನುಷ್ಯರನ್ನು ಹುಡುಕುವುದು ಬಿಟ್ಟು ಹೊಲವನ್ನು ಹುಡುಕಲು ಆರಂಭಿಸಿದಾಗ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಬಸಪ್ಪನ ಮಗ ಚನ್ನಪ್ಪ, ಚನ್ನಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ಚನ್ನಪ್ಪ. ಹೆಸರನ್ನೇ ಬೆನ್ನು ಹತ್ತಿದರೆ ಯಾವ ಬಸಪ್ಪ ಯಾರೆಂದು ತಿಳಿಯುವುದಿಲ್ಲ. ಹೆಳವರು ಇಲ್ಲದ ತಲೆಮಾರು ತುಂಬಿಸುತ್ತಾರೆ ಎಂಬ ಅಪವಾದ ಹುಟ್ಟಿದ್ದೂ ಇದರಿಂದಲೇ ಇರಬೇಕು. ಹೊಲ ಹಾಗಲ್ಲ, ಇದ್ದಲ್ಲಿಯೇ ಇರುತ್ತದೆ. ಈಗಿನ ಉತಾರದ ಹಿಸ್ಸಾದಿಂದ (ಪಾಲಾದ ತುಂಡಿನ ನಂಬರಿನಿಂದ) ಮೂಲ ಸರ್ವೆ ನಂಬರಿಗೆ ಹೋದೆ. ಅಲ್ಲಿಂದ ಕೈಬರಹದ ಪಹಣಿ, ಹಕ್ಕಿನ ದಾಖಲೆಯ ವಾರಸಾ ವರ್ದಿ (ತೀರಿದವರ ಹೊಲ ವಾರಸುದಾರರಿಗೆ ಹೋದ ನಮೂದು), ವಾಟ್ನಿಯ ವರ್ದಿ (ಹೊಲ ಪಾಲಾದ ನಮೂದು) ಹೀಗೆ ಹಿಂದಕ್ಕೆ ಸರಿದೆ. ನಕಲುಗಳಿಗೆ ಎಲ್ಲ ಸೇರಿ ಎರಡು ಸಾವಿರವೂ ಆಗಲಿಲ್ಲ. ಆಗಿದ್ದೆಲ್ಲ ಬಸ್ಸಿನ ಖರ್ಚು, ಕಾಯುವ ಹೊತ್ತು.

ನಮ್ಮ ಮುತ್ತಜ್ಜ ತೀರಿದ ವರ್ದಿ 1918ರ ಇನ್‌ಫ್ಲುಯೆಂಜಾದ ಕಾಲದ್ದು. ಆ ಪುಟಗಳಲ್ಲಿ ವಾರಸಾ ಮೇಲೆ ವಾರಸಾ, ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರದೂ ಸಾಲಾಗಿ. ಅಜ್ಜ ಆಗ ಚಿಕ್ಕ ಹುಡುಗ. ಅವನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ ನೀಲವ್ವ’ ಎಂದಿದೆ, ಅಂದರೆ ಅಜ್ಞಾನ ಪಾಲನಕರ್ತೆ, ವಯಸ್ಸಿಗೆ ಬಾರದ ಮಗುವನ್ನು ನೋಡಿಕೊಳ್ಳುವವಳು. ನಮ್ಮ ಮನೆಯಲ್ಲಿ ಬದುಕಿರುವ ಒಬ್ಬರಿಗೂ ಆ ಮುತ್ತಜ್ಜಿಯ ಹೆಸರು ಗೊತ್ತಿರಲಿಲ್ಲ. ಎರಡು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಒಂದು ಗುಂಟೆಯನ್ನೂ ಪರರ ಪಾಲು ಮಾಡದೆ ಹೊಲ ಉಳಿಸಿದವಳು ಅವಳು. ಹೆಂಗಸರ ಹೆಸರು ಕಾಗದದಲ್ಲಿ ಸಿಗುವುದಿಲ್ಲ ಎಂದು ಕೈಚೆಲ್ಲುವವರು ಮೊದಲು ಈ ಅ.ಪಾ.ಕ. ನಮೂದುಗಳನ್ನು ಓದಬೇಕು.

ಇದೆಲ್ಲ ಕೈಯಲ್ಲಿದ್ದಾಗ ಹೆಳವಜ್ಜ ಸಿಕ್ಕ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆತನ ಯಾವ ಹೆಳವರ ಪಾಲಿಗಿದೆ, ಅವರ ಬಿಡಾರ ಈ ವರ್ಷ ಎಲ್ಲಿದೆ ಎಂದು ನಾನು ಪತ್ತೆ ಮಾಡಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದು ಚೀಲ ಜೋಳ, ಧೋತರ, ರುಮಾಲು, ಮೇಲೆ 5,000 ರೂಪಾಯಿ ಕೊಟ್ಟೆ. ಬಳಗದವರು ಹೆಚ್ಚಾಯಿತು ಎಂದರು. ಕಾಶಿಯ ಖರ್ಚಿನ ಎದುರು ಅದು ಏನೂ ಅಲ್ಲ. ನನ್ನಲ್ಲಿದ್ದ ಕಾಗದವನ್ನು ಅವನಿಗೆ ತೋರಿಸಲಿಲ್ಲ. ಅವನಾಗಿಯೇ ಓದಿದ. ಮನೆದೇವರು, ಬೆಡಗು (ಕುಲದ ಒಳಗವಲು), ಹೆಸರುಗಳು, ಒಂದಾದ ಮೇಲೊಂದು ಕೂಡಿಬಂದವು. ಸಂತಾನವಿಲ್ಲದೆ ಹೋದ ಇಬ್ಬರು, ಪ್ಲೇಗಿನಲ್ಲಿ ಊರು ಬಿಟ್ಟವನೊಬ್ಬ, ಇವರೂ ಅವನಲ್ಲಿ ಇದ್ದರು. ಉತಾರದಲ್ಲಿ ಅಂಥವರಿಗೆ ಜಾಗವೇ ಇಲ್ಲ.

ತೊಡಕು ಬಂದದ್ದು ಸಂವತ್ಸರದಲ್ಲಿ. ಅಣ್ಣತಮ್ಮಂದಿರು ಬೇರೆಯಾದದ್ದು ಈಶ್ವರ ಸಂವತ್ಸರದಲ್ಲಿ ಎಂದು ಪುಸ್ತಕ. ಅದು 1876ರ ಧಾತು ಬರದ ಮರುವರ್ಷ 1877 ಇರಬಹುದು, 60 ವರ್ಷ ಹಿಂದಿನ, ಪೇಶ್ವೆಗಳ ಆಳಿಕೆ ಮುಗಿಯುತ್ತ ಬಂದ 1817 ಕೂಡ ಇರಬಹುದು. 1877 ಸರಿ ಎಂದು ಗೆಳೆಯರು ಪಟ್ಟು ಹಿಡಿದರು. ಧಾರವಾಡ ಜಿಲ್ಲೆಯ 1840ರ ದಶಕದ ಸರ್ವೆಯ ಕಾಲದ, ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯ ಹಾಳೆಗಳನ್ನು ಓದಿಸಿದೆ. ಹಾಳೆಗೆ 300 ರೂಪಾಯಿಯಂತೆ ಓದಿಕೊಟ್ಟರು. ಎರಡೂ ಕವಲುಗಳು ಆಗಲೇ ಬೇರೆ ಬೇರೆ ನಂಬರುಗಳಲ್ಲಿ ಕುಳಿತಿದ್ದವು. ಅಂದಮೇಲೆ 1817 ಸರಿ, ವಾದ ಅಲ್ಲಿಗೆ ಮುಗಿಯಿತು. ಮರುಸರ್ವೆಯಲ್ಲಿ ನಂಬರು ಬದಲಾಗಿದ್ದ ಒಂದು ಹೊಲವನ್ನು ನಾನು ಹೇಗೆ ಗುರುತಿಸಿದೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಮತ್ತೊಂದು ಪ್ರಯೋಗ ಮಾಡಿದೆ. ಅಟ್ಟದ ಪೆಟ್ಟಿಗೆಯಲ್ಲಿದ್ದ ಹಳೆಯ ಮದುವೆಗಳ ಆಹೇರಿ (ಉಡುಗೊರೆ) ಪಟ್ಟಿಗಳನ್ನು ಬಿಡಿಸಿ ಊರುವಾರು ಬರೆದೆ. ಸೀರೆ ಕೊಟ್ಟವರು, ಕುಪ್ಪಸ ಕೊಟ್ಟವರು, ಒಂದು ರೂಪಾಯಿ ಹಾಕಿದವರು. ಸೀರೆ ಬಂದ ಊರುಗಳೆಲ್ಲ ಬಹುತೇಕ ಬೀಗರೂರುಗಳೇ. ಹೀಗೆ ಮೂವರು ಸೋದರತ್ತೆಯರ ಮನೆತನ ಪತ್ತೆಯಾಯಿತು. ಶಾಲೆಯ ದಾಖಲಾತಿ ವಹಿ ಅಷ್ಟು ಉಪಯೋಗವಾಗಲಿಲ್ಲ. ಜೂನ್ 1ಕ್ಕೆ ಹುಟ್ಟದ ಹುಡುಗನೇ ಅದರಲ್ಲಿಲ್ಲ.

ಹೆಳವರನ್ನು ನಂಬಬೇಡ ಎಂದಿದ್ದ ಇಬ್ಬರು ಈಗ ತಮ್ಮ ಉತಾರ ಹಿಡಿದು ನನ್ನ ಮನೆಗೆ ಬರುತ್ತಿದ್ದಾರೆ. ನಾನು ತಾಯಿಯ ತವರಿನ ನಂಬರುಗಳನ್ನು ತೆಗೆಸಲು ಅರ್ಜಿ ಕೊಟ್ಟಿದ್ದೇನೆ. ಆ ಊರಿನ ಹೆಳವರು ಕಳೆದ ಸುಗ್ಗಿಗೆ ಬಂದಿಲ್ಲ, ಈ ಸಲ ಬಂದರೆ ಬೇಕಾಗುತ್ತದೆಂದು ಮೋಡಿ ಓದಿಸುವ ಹಣವನ್ನೂ ಸೇರಿಸಿ ಹತ್ತು ಸಾವಿರ ತೆಗೆದಿಟ್ಟಿದ್ದೇನೆ.