ಡ್ಯಾಶ್‌ಕ್ಯಾಮ್‌ಗೆ ಬಾಳಿಕೆ ಬರುವ ಮೆಮೊರಿ ಕಾರ್ಡ್ ಆರಿಸುವುದು ಹೇಗೆ?

ಗಾಡಿಯ ಗಾಜಿನ ಹಿಂದೆ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಕೊಳ್ಳುವಾಗ ಎಲ್ಲರೂ ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. 4ಕೆ ಬೇಕಾ, ರಾತ್ರಿ ಹೊತ್ತು ನಂಬರ್ ಪ್ಲೇಟ್ ಕಾಣುತ್ತಾ, ಹಿಂದಕ್ಕೂ ಒಂದು ಕ್ಯಾಮೆರಾ ಹಾಕಿಸೋಣವಾ ಅಂತ ವಾರಗಟ್ಟಲೆ ಹುಡುಕುತ್ತಾರೆ. ಕಾರ್ಡಿನ ಮಾತು ಬಂದರೆ ಮಾತ್ರ "ಹಳೇ ಫೋನಿನದು ಒಂದು ಬಿದ್ದಿದೆಯಲ್ಲ, ಅದನ್ನೇ ಹಾಕಿದ್ರಾಯ್ತು" ಅಂದುಬಿಡುತ್ತಾರೆ. ಕೆಲವು ತಿಂಗಳು ಎಲ್ಲ ಸರಿಯಾಗೇ ನಡೆಯುತ್ತದೆ. ಆಮೇಲೊಂದು ದಿನ ಯಾರೋ ಹಿಂದಿನಿಂದ ಬಂದು ಗುದ್ದುತ್ತಾರೆ, ಕಾರ್ಡ್ ತೆಗೆದು ನೋಡಿದರೆ ಕೊನೆಯ ವಿಡಿಯೊ ಮೂರು ವಾರ ಹಳೆಯದು. ಕ್ಯಾಮೆರಾದ ದೀಪ ಅಷ್ಟೂ ದಿನ ಮಿನುಗುತ್ತಲೇ ಇತ್ತು.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಇರುವುದನ್ನು ಬಿಟ್ಟು ಸಣ್ಣಕ್ಷರದಲ್ಲಿ ಇರುವುದನ್ನು ಓದಬೇಕು, ಅಷ್ಟೇ.

ಕಾರ್ಡ್ ಸವೆಯುತ್ತದೆ, ಅದು ಮೊದಲು ಗೊತ್ತಿರಲಿ

ಮೆಮೊರಿ ಕಾರ್ಡಿನೊಳಗೆ ಓಡಾಡುವ ಭಾಗ ಯಾವುದೂ ಇಲ್ಲ, ಹಾಗಾಗಿ ಅದು ಸವೆಯಲ್ಲ ಅಂತ ಅನಿಸುತ್ತದೆ. ನಿಜ ಹಾಗಿಲ್ಲ. ಒಳಗಿನ ಒಂದೊಂದು ಕೋಶವೂ ವಿದ್ಯುತ್ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಸುತ್ತ ತೆಳ್ಳನೆಯ ಒಂದು ಪದರ ಇರುತ್ತದೆ. ಪ್ರತಿ ಸಲ ಅಳಿಸಿ ಹೊಸದಾಗಿ ಬರೆದಾಗಲೂ ಆ ಪದರ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಚಾರ್ಜ್ ಒಳಗೆ ನಿಲ್ಲುವುದಿಲ್ಲ. ಒಂದು ಕೋಶದಲ್ಲಿ ಮೂರು ಬಿಟ್ ತುಂಬುವ ಟಿಎಲ್‌ಸಿ ಕಾರ್ಡುಗಳು ಸಾಮಾನ್ಯವಾಗಿ ಒಂದು ಸಾವಿರದಿಂದ ಮೂರು ಸಾವಿರ ಸಲ ಅಳಿಸಿ ಬರೆಯುವುದನ್ನು ತಾಳಿಕೊಳ್ಳುತ್ತವೆ. ನಾಲ್ಕು ಬಿಟ್ ತುಂಬುವ ಕ್ಯುಎಲ್‌ಸಿ ಇನ್ನೂ ಕಡಿಮೆ. ಯಾವ ಕಾರ್ಡಿನಲ್ಲಿ ಯಾವುದಿದೆ ಅಂತ ಪ್ಯಾಕೆಟ್ ಮೇಲೆ ಹೆಚ್ಚಿನವರು ಬರೆಯುವುದೇ ಇಲ್ಲ.

ಫೋನಿಗೆ ಇದು ಸಮಸ್ಯೆ ಅಲ್ಲ. ಫೋಟೊ ಹಾಕುತ್ತೇವೆ, ಹಾಡು ಹಾಕುತ್ತೇವೆ, ಅವು ಅಲ್ಲೇ ಇರುತ್ತವೆ. ಡ್ಯಾಶ್‌ಕ್ಯಾಮ್ ಹಾಗಲ್ಲ, ಅದು ಗಾಡಿ ಓಡುವಷ್ಟು ಹೊತ್ತೂ ಬರೆಯುತ್ತಲೇ ಇರುತ್ತದೆ, ಕಾರ್ಡ್ ತುಂಬಿದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಮಾಮೂಲಿ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 20 ಮೆಗಾಬಿಟ್ ಬರೆಯುತ್ತದೆ ಅಂತಿಟ್ಟುಕೊಳ್ಳಿ. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ 2.5 ಎಂಬಿ, ಅಂದರೆ ಗಂಟೆಗೆ 9 ಜಿಬಿ. ದಿನಕ್ಕೆ ಎರಡು ಗಂಟೆ ಗಾಡಿ ಓಡಿಸಿದರೆ 18 ಜಿಬಿ. 32 ಜಿಬಿ ಕಾರ್ಡ್ ಆದರೆ ವರ್ಷದಲ್ಲಿ ಸುಮಾರು 200 ಸಲ ಪೂರ್ತಿ ಅಳಿಸಿ ಬರೆದ ಹಾಗಾಯಿತು. ಇದು ಪರವಾಗಿಲ್ಲ. ಆದರೆ ಗಾಡಿ ನಿಲ್ಲಿಸಿದಾಗಲೂ ಬಿಡದೆ ರೆಕಾರ್ಡ್ ಆಗುವ ಪಾರ್ಕಿಂಗ್ ಮೋಡ್ ಹಾಕಿದರೆ ದಿನಕ್ಕೆ 216 ಜಿಬಿ, ವರ್ಷಕ್ಕೆ ಹತ್ತಿರ ಹತ್ತಿರ 2,500 ಸಲ! ಟಿಎಲ್‌ಸಿಯ ಆಯಸ್ಸು ಅಲ್ಲಿಗೇ ಮುಗಿಯಬಹುದು. ಜೊತೆಗೆ ಕಾರ್ಡ್ ಒಳಗೊಳಗೇ ಡೇಟಾವನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತಿರುತ್ತದೆ, ಹಾಗಾಗಿ ನಿಜವಾದ ಸವೆತ ಈ ಲೆಕ್ಕಕ್ಕಿಂತ ಜಾಸ್ತಿಯೇ. ಡ್ಯಾಶ್‌ಕ್ಯಾಮ್ ಕಾರ್ಡ್ ಅಂದರೆ ಬ್ರೇಕ್ ಪ್ಯಾಡ್ ಇದ್ದ ಹಾಗೆ, ಸವೆದ ಮೇಲೆ ಬದಲಾಯಿಸಲೇಬೇಕಾದ ಸಾಮಾನು.

ಮೊದಲು ನಿಮ್ಮ ಕ್ಯಾಮೆರಾ ಏನು ಕೇಳುತ್ತದೆ ನೋಡಿ

ಮ್ಯಾನುಯಲ್ ತೆಗೆಯಿರಿ. ಎಷ್ಟು ಜಿಬಿವರೆಗಿನ ಕಾರ್ಡ್ ಹಾಕಬಹುದು, ಕನಿಷ್ಠ ಯಾವ ಕ್ಲಾಸ್ (ಬರೆಯುವ ವೇಗದ ದರ್ಜೆ) ಬೇಕು, ಎರಡೂ ಅದರಲ್ಲಿ ಇರುತ್ತದೆ. 32 ಜಿಬಿವರೆಗಿನವು ಎಸ್‌ಡಿಎಚ್‌ಸಿ, ಅದಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ. ಹಳೆಯ ಕ್ಯಾಮೆರಾಗಳು ಎರಡನೆಯದನ್ನು ಗುರುತಿಸದೇ ಇರಬಹುದು. ಕೆಲವು ಸಲ ದೊಡ್ಡ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದರೆ ಕೆಲಸ ಮಾಡುತ್ತದೆ, ಆದರೆ ಮ್ಯಾನುಯಲ್‌ನಲ್ಲಿ 64 ಜಿಬಿವರೆಗೆ ಅಂತ ಬರೆದಿದ್ದರೆ 256 ಹಾಕಿ ಅದೃಷ್ಟ ಪರೀಕ್ಷೆ ಮಾಡಲು ಹೋಗಬೇಡಿ.

ಇನ್ನೊಂದು ಕೆಲಸ ಮಾಡಿ. ಈಗಾಗಲೇ ರೆಕಾರ್ಡ್ ಆದ ಒಂದು ನಿಮಿಷದ ಫೈಲ್ ಎಷ್ಟು ಎಂಬಿ ಇದೆ ನೋಡಿ, ಅದನ್ನು 60ರಿಂದ ಗುಣಿಸಿ. ಗಂಟೆಗೆ ಎಷ್ಟು ಅಂತ ಸಿಕ್ಕಿತು. 150 ಎಂಬಿ ಇದ್ದರೆ ಗಂಟೆಗೆ 9 ಜಿಬಿ. 4ಕೆ ಕ್ಯಾಮೆರಾ ಆದರೆ ಇದರ ಎರಡರಷ್ಟೋ ಮೂರರಷ್ಟೋ ಬಂದೀತು. ಹಿಂದಿನ ಕ್ಯಾಮೆರಾ ಇದ್ದರೆ ಅದರ ಫೈಲನ್ನೂ ಸೇರಿಸಿ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಎಂಡ್ಯೂರೆನ್ಸ್ ಅಂತ ಬರೆದದ್ದನ್ನೇ ಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಬಿಡದೆ ರೆಕಾರ್ಡ್ ಮಾಡುವ ಕೆಲಸಕ್ಕೆ ಅಂತಲೇ ಮಾಡಿದ ಕಾರ್ಡುಗಳು ಬೇರೆ ಇವೆ. ಹೆಸರಿನಲ್ಲೇ ಎಂಡ್ಯೂರೆನ್ಸ್ (ಬಾಳಿಕೆ) ಅಂತ ಇರುತ್ತದೆ, ಮತ್ತು ಎಷ್ಟು ಗಂಟೆ ರೆಕಾರ್ಡಿಂಗ್ ತಾಳಿಕೊಳ್ಳುತ್ತದೆ ಅಂತ ಕಂಪನಿಯೇ ಹೇಳಿರುತ್ತದೆ. ಸ್ಯಾನ್‌ಡಿಸ್ಕ್‌ನ ಹೈ ಎಂಡ್ಯೂರೆನ್ಸ್ ತೆಗೆದುಕೊಳ್ಳಿ, 128 ಜಿಬಿಗೆ 10,000 ಗಂಟೆ ಅನ್ನುತ್ತಾರೆ. ಅದೇ ಕಂಪನಿಯ ಮ್ಯಾಕ್ಸ್ ಎಂಡ್ಯೂರೆನ್ಸ್‌ನಲ್ಲಿ ಅಷ್ಟೇ ಜಿಬಿಗೆ 60,000 ಗಂಟೆ. ಹೆಸರಿನಲ್ಲಿ ಒಂದು ಪದ ಬೇರೆ, ಲೆಕ್ಕದಲ್ಲಿ ಆರು ಪಟ್ಟು ವ್ಯತ್ಯಾಸ, ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ತಂದುಬಿಡಬೇಡಿ. 2022ರಲ್ಲಿ ಬಂದ ಸ್ಯಾಮ್‌ಸಂಗ್ ಪ್ರೊ ಎಂಡ್ಯೂರೆನ್ಸ್‌ಗೆ 128 ಜಿಬಿಯಲ್ಲಿ 70,080 ಗಂಟೆ, 256 ಜಿಬಿಯಲ್ಲಿ 1,40,160 ಗಂಟೆ ಅಂತ ಹೇಳಿದ್ದಾರೆ. ಎರಡನೆಯದು ಬಿಡದೆ 16 ವರ್ಷ.

ಈ ಗಂಟೆಗಳನ್ನು ಹಾಗೇ ನಂಬಬೇಕಿಲ್ಲ. ಇವೆಲ್ಲ ಸೆಕೆಂಡಿಗೆ 26 ಮೆಗಾಬಿಟ್‌ನ ಫುಲ್ ಎಚ್‌ಡಿ ವಿಡಿಯೊ ಮೇಲೆ ಹಾಕಿದ ಲೆಕ್ಕ. ಅಂದರೆ ಗಂಟೆಗೆ 11.7 ಜಿಬಿ. ನಿಮ್ಮ ಕ್ಯಾಮೆರಾ ಅದರ ದುಪ್ಪಟ್ಟು ಬರೆಯುತ್ತಿದ್ದರೆ 10,000 ಗಂಟೆ ಅನ್ನುವುದು 5,000 ಗಂಟೆ ಆಗುತ್ತದೆ. ಅದಕ್ಕೇ ಆಗಲೇ ಫೈಲ್ ಸೈಜ್ ನೋಡಿ ಅಂದಿದ್ದು. ದಿನಕ್ಕೆ ಎರಡು ಗಂಟೆ ಓಡಿಸುವವರಿಗೆ 5,000 ಗಂಟೆಯೂ ಬೇಕಾದಷ್ಟಾಯಿತು. ಇಪ್ಪತ್ತನಾಲ್ಕು ಗಂಟೆ ಪಾರ್ಕಿಂಗ್ ಮೋಡ್ ಹಾಕುವವರಿಗೆ ಅದು ಏಳು ತಿಂಗಳು ಮಾತ್ರ.

ವಾರಂಟಿ ಷರತ್ತನ್ನೂ ಒಂದು ಸಲ ಓದಿ. ಎಷ್ಟೋ ಮಾಮೂಲಿ ಕಾರ್ಡುಗಳ ವಾರಂಟಿಯಲ್ಲಿ ಡ್ಯಾಶ್‌ಕ್ಯಾಮ್, ಸಿಸಿಟಿವಿ ತರಹದ ಬಳಕೆಗೆ ಅನ್ವಯಿಸುವುದಿಲ್ಲ ಅಂತ ಇರುತ್ತದೆ. ಈ ಕೆಲಸಕ್ಕೆ ತಮ್ಮ ಕಾರ್ಡ್ ತಡೆಯಲ್ಲ ಅಂತ ಕಂಪನಿಯವರೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಸ್ಪೀಡ್ ಬಗ್ಗೆ ಜಾಸ್ತಿ ಯೋಚಿಸಬೇಡಿ

200 ಎಂಬಿ ಅಂತ ಪ್ಯಾಕೆಟ್ ಮೇಲೆ ಮಿಂಚುತ್ತಿರುತ್ತದೆ. ಅದು ಹೆಚ್ಚಾಗಿ ಓದುವ ವೇಗ, ಬರೆಯುವ ವೇಗ ಅಲ್ಲ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಬರೆಯುವುದು 2.5 ಎಂಬಿ, 4ಕೆ ಆದರೆ ಏಳೆಂಟು ಎಂಬಿ. ನೋಡಬೇಕಾದ್ದು ಕಾರ್ಡಿನ ಮೇಲಿನ ಪುಟ್ಟ ಚಿಹ್ನೆಗಳನ್ನು. ಕ್ಲಾಸ್ 10, ಯು1, ವಿ10 ಮೂರರ ಅರ್ಥವೂ ಒಂದೇ, ಎಷ್ಟೇ ಕಷ್ಟ ಬಂದರೂ ಸೆಕೆಂಡಿಗೆ 10 ಎಂಬಿಗಿಂತ ಕೆಳಗಿಳಿಯಲ್ಲ ಅಂತ. ಯು3, ವಿ30 ಅಂದರೆ 30 ಎಂಬಿ. ಫುಲ್ ಎಚ್‌ಡಿಗೆ ಮೊದಲನೆಯದು ಸಾಕು, 4ಕೆಗೆ ಅಥವಾ ಎರಡು ಕ್ಯಾಮೆರಾ ಇದ್ದರೆ ಎರಡನೆಯದು ಇರಲಿ. ವಿ60, ವಿ90ಗೆ ಸುಮ್ನೆ ದುಡ್ಡು ಹಾಕಬೇಡಿ. ಎ1, ಎ2 ಅಂತ ಇರುವುದು ಫೋನಿನಲ್ಲಿ ಆ್ಯಪ್ ಓಡಿಸಲು, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಜಿಬಿ ಮಾತ್ರ ಧಾರಾಳವಾಗಿರಲಿ. ಕಾರ್ಡ್ ದೊಡ್ಡದಾದಷ್ಟೂ ಒಂದೊಂದು ಕೋಶದ ಸರದಿ ತಡವಾಗಿ ಬರುತ್ತದೆ, ಹಾಗಾಗಿ ಆಯಸ್ಸು ಹೆಚ್ಚು. ಹಳೆಯ ವಿಡಿಯೊ ಜಾಸ್ತಿ ದಿನ ಉಳಿಯುವುದು ಇನ್ನೊಂದು ಲಾಭ. ಊರಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಏನೋ ನಡೆಯಿತು, ರಾತ್ರಿ ತಲುಪಿದ ಮೇಲೆ ನೋಡೋಣ ಅಂದರೆ 32 ಜಿಬಿಯಲ್ಲಿ ಮೂರೂವರೆ ಗಂಟೆಯ ವಿಡಿಯೊ ಮಾತ್ರ ಇರುತ್ತದೆ. 128 ಜಿಬಿಯಲ್ಲಿ ಹದಿನಾಲ್ಕು ಗಂಟೆ.

ತಂದ ದಿನವೇ ಪರೀಕ್ಷೆ ಮಾಡಿ

ನಕಲಿ ಕಾರ್ಡುಗಳ ಕಾಟ ಸಣ್ಣದೇನಲ್ಲ. ಒಳಗೆ 16 ಜಿಬಿ ಚಿಪ್ ಇಟ್ಟು, ಕೇಳಿದವರಿಗೆಲ್ಲ 128 ಅಂತ ಸುಳ್ಳು ಹೇಳುವ ಹಾಗೆ ಅದಕ್ಕೆ ಕಲಿಸಿಟ್ಟಿರುತ್ತಾರೆ. ಕಂಪ್ಯೂಟರಿಗೆ ಹಾಕಿದರೂ 128 ಅಂತಲೇ ತೋರಿಸುತ್ತದೆ. 16 ತುಂಬಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಮೊದಲು ಬರೆದದ್ದರ ಮೇಲೇ ಕೂರುತ್ತದೆ. ಡ್ಯಾಶ್‌ಕ್ಯಾಮ್‌ನಲ್ಲಿ ಈ ಮೋಸ ಬೇಗ ಗೊತ್ತಾಗುವುದೂ ಇಲ್ಲ, ಯಾಕೆಂದರೆ ಫೈಲಿನ ಹೆಸರು, ದಿನಾಂಕ, ಸೈಜ್ ಎಲ್ಲ ಸರಿಯಾಗೇ ಕಾಣುತ್ತವೆ, ಪ್ಲೇ ಮಾಡಿದರೆ ಮಾತ್ರ ಓಡಲ್ಲ, ಮತ್ತೆ ನಾವು ಯಾರು ತಾನೇ ದಿನಾ ಪ್ಲೇ ಮಾಡಿ ನೋಡುತ್ತೇವೆ!

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಕಾರ್ಡ್ ದೊಡ್ಡದಾದರೆ ಒಂದೆರಡು ಗಂಟೆ ಹಿಡಿಯಬಹುದು, ಹಾಕಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ. ವಿಂಡೋಸ್‌ನಲ್ಲಿ 128 ಜಿಬಿ ಕಾರ್ಡ್ 119 ಅಂತ ಕಂಡರೆ ಗಾಬರಿ ಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಬಿಸಿಲಿನದೂ ಒಂದು ಮಾತು. ಗಾಜಿನ ಹಿಂದೆ ಕ್ಯಾಮೆರಾ ಕೂತಿರುತ್ತದೆ, ಗಾಡಿ ಬಯಲಲ್ಲಿ ನಿಂತಿದ್ದರೆ ಒಳಗೆ ಕುಲುಮೆ. ಒಳ್ಳೆಯ ಕಾರ್ಡುಗಳ ಮೇಲೆ ಮೈನಸ್ 25ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಅಂತ ಇರುತ್ತದೆ. ಈ ವಿವರವನ್ನೇ ಕೊಡದ ಕಾರ್ಡ್ ಬೇಡ.

ಹಾಕಿದ ಮೇಲೆ ಮರೆತುಬಿಡಬೇಡಿ

ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ. ತಿಂಗಳಿಗೊಮ್ಮೆ ಹೀಗೆ ಮಾಡುವುದು ಒಳ್ಳೆಯ ಅಭ್ಯಾಸ, ಬೇಕಾದ ವಿಡಿಯೊ ಮೊದಲು ತೆಗೆದಿಟ್ಟುಕೊಳ್ಳಿ. ಇದರಿಂದ ಇನ್ನೊಂದು ತೊಂದರೆಯೂ ತಪ್ಪುತ್ತದೆ. ಗಾಡಿ ಅಲುಗಾಡಿದಾಗ ಜಿ ಸೆನ್ಸರ್ ಆ ಹೊತ್ತಿನ ವಿಡಿಯೊವನ್ನು ಅಪಘಾತ ಅಂತ ತಿಳಿದು ಲಾಕ್ ಮಾಡುತ್ತದೆ. ರಸ್ತೆಗುಂಡಿಗೂ ರೋಡ್ ಹಂಪಿಗೂ ಲಾಕ್ ಮಾಡುತ್ತಾ ಹೋದರೆ, ಎಷ್ಟೋ ಕ್ಯಾಮೆರಾಗಳಲ್ಲಿ ಅಂಥ ಫೈಲುಗಳೇ ಕಾರ್ಡ್ ತುಂಬಿಕೊಂಡು ಹೊಸದಕ್ಕೆ ಜಾಗವೇ ಇರುವುದಿಲ್ಲ. ಸೆನ್ಸರಿನ ಸೂಕ್ಷ್ಮತೆಯನ್ನು ಕಡಿಮೆ ಮಟ್ಟದಲ್ಲಿ ಇಡಿ.

ಫಾರ್ಮ್ಯಾಟ್ ಮಾಡುವಾಗಲೇ ಒಂದೆರಡು ಫೈಲ್ ಪ್ಲೇ ಮಾಡಿ ನೋಡಿ. ನಡುವೆ ವಿಡಿಯೊ ಹರಿದಿದೆಯಾ, ಎರಡು ಫೈಲುಗಳ ನಡುವೆ ಕೆಲವು ನಿಮಿಷ ಕಾಣೆಯಾಗಿದೆಯಾ, ಕ್ಯಾಮೆರಾ ತನ್ನಷ್ಟಕ್ಕೇ ಆಫ್ ಆಗಿ ಆನ್ ಆಗುತ್ತಿದೆಯಾ? ಹಾಗಿದ್ದರೆ ಬೈಯುವ ಮೊದಲು ಕಾರ್ಡ್ ಬದಲಾಯಿಸಿ ನೋಡಿ. ಕ್ಯಾಮೆರಾ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುವ ಎಷ್ಟೋ ಪ್ರಕರಣಗಳಲ್ಲಿ ಕೆಟ್ಟಿರುವುದು ಕಾರ್ಡ್. ಇನ್ನೊಂದು ಲಕ್ಷಣ ವಿಚಿತ್ರವಾಗಿದೆ: ಎಲ್ಲ ಅಳಿಸುತ್ತೀರಿ, ಕಾರ್ಡ್ ತೆಗೆದು ಮತ್ತೆ ಹಾಕಿದರೆ ಅವೇ ಫೈಲುಗಳು ವಾಪಸ್ ಬಂದಿರುತ್ತವೆ. ಆಯಸ್ಸು ಮುಗಿದ ಕಾರ್ಡ್ ಇನ್ನು ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡಲ್ಲ ಅಂತ ಬಾಗಿಲು ಹಾಕಿಕೊಂಡ ಪರಿಣಾಮ ಅದು. ಅದಕ್ಕೆ ಮದ್ದಿಲ್ಲ.

ರೆಕಾರ್ಡ್ ಆಗುತ್ತಿರುವಾಗ ಕಾರ್ಡ್ ಕೀಳಬೇಡಿ, ಮೊದಲು ಕ್ಯಾಮೆರಾ ಆಫ್ ಆಗಲಿ. ನಿಜವಾಗಿ ಅಪಘಾತವಾದರೆ ಮೊದಲು ಜನರನ್ನು ನೋಡಿ, ಆಮೇಲೆ ಲಾಕ್ ಬಟನ್ ಒತ್ತಿ, ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ತೆಗೆದಿಟ್ಟುಕೊಳ್ಳಿ. ಅದೇ ಕಾರ್ಡ್ ಹಾಕಿಕೊಂಡು ಮನೆವರೆಗೆ ಓಡಿಸಿದರೆ ಬೇಕಾದ ವಿಡಿಯೊ ಮೇಲೆ ಬೇಡದ ರಸ್ತೆ ರೆಕಾರ್ಡ್ ಆಗಿರುವ ಸಾಧ್ಯತೆ ಇದೆ. ಇದಕ್ಕೆಂದೇ ಗಾಡಿಯಲ್ಲಿ ಇನ್ನೊಂದು ಕಾರ್ಡ್ ಇಟ್ಟುಕೊಳ್ಳುವುದು ಜಾಣತನ.

ತೆಗೆದ ಹಳೇ ಕಾರ್ಡನ್ನು ಮನೆಯ ಫೋಟೊ ಇಡಲು ಬಳಸಬೇಡಿ, ಸವೆದ ಕೋಶದಲ್ಲಿ ಇಟ್ಟದ್ದು ಹೆಚ್ಚು ದಿನ ನಿಲ್ಲಲ್ಲ. ಯಾರಿಗಾದರೂ ಕೊಡುವುದೂ ಬೇಡ. ಜಿಪಿಎಸ್ ಇರುವ ಕ್ಯಾಮೆರಾ ಆದರೆ ನಿಮ್ಮ ಮನೆ ಎಲ್ಲಿ, ಮಕ್ಕಳ ಶಾಲೆ ಎಲ್ಲಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಲ್ಲವೂ ಆ ಕಾರ್ಡಿನಲ್ಲಿದೆ, ಮತ್ತೆ ಬರೆಯಲು ಬಿಡದ ಕಾರ್ಡಿನಿಂದ ಅದನ್ನು ಅಳಿಸಲೂ ಬರುವುದಿಲ್ಲ. ಕತ್ತರಿಯಲ್ಲಿ ಎರಡು ಮೂರು ತುಂಡು ಮಾಡಿ ಇ-ಕಸಕ್ಕೆ ಹಾಕಿ.