ಮೊದಲು ಬಂದ ಆಂಬುಲೆನ್ಸ್ ಯಾರನ್ನೂ ಒಯ್ಯಬಾರದು

ನಸುಕಿನ ಹೊತ್ತಿನಲ್ಲಿ ಹೆದ್ದಾರಿಯ ತಿರುವಿನಲ್ಲಿ ಸ್ಲೀಪರ್ ಬಸ್ಸೊಂದು ಮಗುಚಿ 40 ಜನ ಗಾಯಗೊಂಡಿದ್ದಾರೆ, 108ಕ್ಕೆ ಕರೆ ಹೋಗಿ ಮೊದಲ ಆಂಬುಲೆನ್ಸ್ ಬಂದು ನಿಂತಿದೆ ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಇಬ್ಬರೇ: ಚಿಕಿತ್ಸೆ ನೀಡುವ ಇಎಂಟಿ ಮತ್ತು ಪೈಲಟ್ ಎಂದು ಕರೆಯಲಾಗುವ ಚಾಲಕ. ನೆರೆದವರು ಕೈಗೆ ಸಿಕ್ಕ ಗಾಯಾಳುವನ್ನು ಎತ್ತಿ ತಂದು ಒಳಗೆ ಮಲಗಿಸಿ, ‘ಬೇಗ ಹೊರಡಿ’ ಎಂದು ಬಾಗಿಲು ಬಡಿಯುತ್ತಾರೆ. ಅವರ ಮಾತಿಗೆ ಮಣಿದು ಹೊರಟುಬಿಟ್ಟರೆ ಉಳಿದ 39 ಜನರಿಗೆ ದಿಕ್ಕುದೆಸೆ ಇರುವುದಿಲ್ಲ. ಮೊದಲು ಬಂದ ತಂಡ ಸ್ಥಳ ಬಿಟ್ಟು ಕದಲಬಾರದೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ಪಾಲಿಸಲು ಅತ್ಯಂತ ಕಷ್ಟವಾದ ನಿಯಮವೂ ಇದೇ.

ಹಾಗಾದರೆ ಆ ಇಬ್ಬರು ಮಾಡಬೇಕಾದದ್ದೇನು? ಡೀಸೆಲ್ ಸೋರಿಕೆ, ಕಡಿದುಬಿದ್ದ ವಿದ್ಯುತ್ ತಂತಿಗಳಂಥ ಅಪಾಯಗಳನ್ನು ಗಮನಿಸಿ ವಾಹನವನ್ನು ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಘಟನೆಯ ನಿಖರ ಸ್ಥಳ, ಸ್ವರೂಪ, ಬರಬೇಕಾದ ದಾರಿ, ಗಾಯಾಳುಗಳ ಅಂದಾಜು ಸಂಖ್ಯೆ, ಬೇಕಾಗುವ ನೆರವು ಇಷ್ಟನ್ನೂ ಕಂಟ್ರೋಲ್ ರೂಮಿಗೆ ತಿಳಿಸಬೇಕು. ಸಂಖ್ಯೆ ಹತ್ತು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ, ತಡವಾದರೆ ನಡೆಯುವುದಿಲ್ಲ.

ಅನಂತರದ್ದು ಗಾಯಾಳುಗಳ ವಿಂಗಡಣೆ, ಅಂದರೆ ಟ್ರಯಾಜ್. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನ ಅಗ್ನಿಶಾಮಕ ದಳ ಮತ್ತು ಹೋಗ್ ಆಸ್ಪತ್ರೆ ಸೇರಿ ರೂಪಿಸಿದ ‘ಸ್ಟಾರ್ಟ್’ ವಿಧಾನದಲ್ಲಿ ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವಿಲ್ಲ. ‘ನಡೆಯಲು ಆಗುವವರೆಲ್ಲ ಆ ಬೇವಿನ ಮರದ ಬಳಿ ಬನ್ನಿ’ ಎಂದು ಕೂಗಿದಾಗ ಎದ್ದು ಬಂದವರಿಗೆ ಹಸಿರು ಬಣ್ಣದ ಗುರುತುಪಟ್ಟಿ, ಅಂದರೆ ಅವರು ಕಾಯಬಲ್ಲರು. ಉಳಿದವರ ಬಳಿ ಮಂಡಿಯೂರಿ ಕುಳಿತು ಮೊದಲು ಎದೆಯ ಏರಿಳಿತ ನೋಡಬೇಕು. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಇಲ್ಲವೇ ‘ನನ್ನ ಕೈ ಹಿಡಿಯಿರಿ’ ಎಂಬ ಸರಳ ಮಾತನ್ನು ಪಾಲಿಸಲು ಆಗದಿದ್ದರೆ ಕೆಂಪು, ಅಂದರೆ ಮೊದಲ ಆದ್ಯತೆ. ಈ ಮೂರೂ ಸರಿಯಿದ್ದು ನಡೆಯಲು ಮಾತ್ರ ಆಗದಿದ್ದರೆ ಹಳದಿ. ಉಸಿರೇ ಇಲ್ಲದವರ ತಲೆಯನ್ನು ಸರಿಪಡಿಸಿ ಉಸಿರಿನ ದಾರಿ ತೆರೆದು ನೋಡಿ, ಆಗಲೂ ಉಸಿರು ಬರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗಬೇಕು. ಬೇರೆ ದಿನವಾಗಿದ್ದರೆ ಅದೇ ವ್ಯಕ್ತಿಯ ಎದೆಯೊತ್ತುತ್ತ ಕೂರುತ್ತಿದ್ದ ಇಎಂಟಿಗೆ ಆ ಗಳಿಗೆ ಸುಲಭದ್ದಲ್ಲ. ಈ ಸುತ್ತಿನಲ್ಲಿ ಉಸಿರಿನ ದಾರಿ ತೆರೆಯುವುದು, ಧಾರಾಕಾರ ರಕ್ತಸ್ರಾವಕ್ಕೆ ತಡೆ ಹಾಕುವುದು, ಇವೆರಡನ್ನು ಬಿಟ್ಟು ಬೇರೆ ಚಿಕಿತ್ಸೆ ಇಲ್ಲ. ಜೋರಾಗಿ ಚೀರುತ್ತಿರುವವರ ಕಡೆಗೆ ಕಾಲು ತಾನಾಗಿ ಓಡುತ್ತದೆ. ಆದರೆ ಚೀರುವವರಲ್ಲಿ ಉಸಿರಿದೆ, ಮೊದಲು ನೋಡಬೇಕಾದದ್ದು ಸದ್ದಿಲ್ಲದೆ ಬಿದ್ದವರನ್ನು. ಹಳದಿ ಹತ್ತೇ ನಿಮಿಷದಲ್ಲಿ ಕೆಂಪಾಗಬಹುದಾದ್ದರಿಂದ ವಿಂಗಡಣೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಹೆಚ್ಚಿನ ವಾಹನಗಳು ಬರತೊಡಗಿದಂತೆ, ಬರುವುದು ಒಂದು ಕಡೆಯಿಂದ, ಹೋಗುವುದು ಇನ್ನೊಂದು ಕಡೆಯಿಂದ ಎಂಬ ವ್ಯವಸ್ಥೆಯನ್ನು ಪೊಲೀಸರ ನೆರವಿನಿಂದ ಮಾಡಿಕೊಳ್ಳಬೇಕು. ಪೈಲಟ್‌ಗಳು ತಮ್ಮ ವಾಹನ ಬಿಟ್ಟು ಇಳಿಯಬಾರದು. ಕೀಲಿಯನ್ನು ಜೇಬಿಗೆ ಹಾಕಿಕೊಂಡು ನೋಡಲು ಹೋದ ಒಬ್ಬನಿಂದ ಹಿಂದಿನ ಐದು ವಾಹನಗಳು ಸಿಕ್ಕಿಕೊಳ್ಳುತ್ತವೆ.

ಯಾರನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಇಷ್ಟೇ ಮುಖ್ಯವಾದ ನಿರ್ಧಾರ. 1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಹರಡಿದಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಜನ ಬಂದರು. ಅವರಲ್ಲಿ ಬಹಳಷ್ಟು ಮಂದಿ ಆಂಬುಲೆನ್ಸ್‌ಗೆ ಕಾಯದೆ ನಡೆದೋ ಟ್ಯಾಕ್ಸಿ ಹಿಡಿದೋ ಬಂದವರು, ಅವರ ಬಟ್ಟೆಗಂಟಿದ ವಿಷದಿಂದ ಸಿಬ್ಬಂದಿಯೂ ಬಾಧೆಗೊಳಗಾದರು. ಆದ್ದರಿಂದ ಕೆಂಪು ಪಟ್ಟಿಯವರನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗಳಿಗೆ ಇಬ್ಬರು ಮೂವರಂತೆ ಹಂಚಿ, ಹಸಿರು ಪಟ್ಟಿಯವರನ್ನು ಬೇರೊಂದು ಬಸ್ಸಿನಲ್ಲಿ ಸ್ವಲ್ಪ ದೂರದ ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವುದೇ ಜಾಣತನ.

ಕಪ್ಪು ಪಟ್ಟಿ ಕಟ್ಟಿದವರ ವಿಷಯದಲ್ಲೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಅವರು ಯಾರೆಂದು ಗುರುತಿಸಬೇಕು. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 166 ಜನರ ಪೈಕಿ ಬದುಕಿದವರು ಎಂಟೇ ಮಂದಿ. ಕೆಲವು ಶವಗಳ ಗುರುತಿಗೆ ಡಿಎನ್‌ಎ ಪರೀಕ್ಷೆಯನ್ನೇ ನೆಚ್ಚಬೇಕಾಯಿತು.

ಹೊರಡುವ ಪ್ರತಿ ವಾಹನದ ಪಕ್ಕದಲ್ಲಿ ಒಬ್ಬರು ಪುಸ್ತಕ ಹಿಡಿದು ನಿಂತು ಪಟ್ಟಿಯ ಸಂಖ್ಯೆ, ಬಣ್ಣ, ವಾಹನ, ಆಸ್ಪತ್ರೆ ಬರೆದುಕೊಳ್ಳಬೇಕು. ಕೊನೆಗೆ ಅದನ್ನು ಬಸ್ಸಿನ ಪ್ರಯಾಣಿಕರ ಪಟ್ಟಿಯೊಡನೆ ತಾಳೆ ನೋಡಬೇಕು. ಒಂದು ಹೆಸರು ಕಡಿಮೆ ಬಂದರೆ ಆತ ದಾರಿಹೋಕರ ಆಟೋ ಹತ್ತಿ ಹೋಗಿರಬಹುದು, ಪಕ್ಕದ ಹಳ್ಳದ ಪೊದೆಯಲ್ಲಿ ಬಿದ್ದಿರಲೂಬಹುದು. ಟಾರ್ಚ್ ಹಿಡಿದು ಇನ್ನೊಮ್ಮೆ ಹುಡುಕದೆ ಸ್ಥಳ ಬಿಡುವಂತಿಲ್ಲ.