ಸೈಟು ಕ್ಲೀನ್ ಮಾಡಿಸುವ ಮುಂಚೆ ಒಂದು ಸಲ ಹಾರೆ ಹಾಕಿ ನೋಡಿ

"30-40 ಅಡಿ ಸೈಟು, ಕ್ಲೀನ್ ಮಾಡೋಕೆ ಎಷ್ಟಾಗುತ್ತೆ?" ಅಂತ ಫೋನ್ ಬಂದರೆ ನಾನು ತಿರುಗಿ ಎರಡು ಮಾತು ಕೇಳುತ್ತೇನೆ. ಸೈಟು ಯಾವ ಕಡೆ? ಅದರಲ್ಲಿ ಏನು ಬೆಳೆದಿದೆ? ಜೆಸಿಬಿ ಬಾಡಿಗೆ ಗಂಟೆ ಲೆಕ್ಕ. ಗಂಟೆಗಳನ್ನು ತಿನ್ನುವುದು ಕಲ್ಲು ಮತ್ತು ಬೇರು. ಅದಕ್ಕೇ ಕನಕಪುರ ರಸ್ತೆಯ ರೇಟು ದೇವನಹಳ್ಳಿಗೆ ಹೊಂದುವುದಿಲ್ಲ.

ಲಾಲ್‌ಬಾಗಿನ ಗುಡ್ಡದಲ್ಲಿ ಮೇಲೆದ್ದು ಕಾಣುವ ಗಟ್ಟಿ ಕಲ್ಲು ಬೆಂಗಳೂರಿನ ಬಹುಪಾಲು ಕಡೆ ಮಣ್ಣಿನ ಅಡಿಯಲ್ಲಿದೆ. ಕನಕಪುರ ರಸ್ತೆ, ಬನ್ನೇರುಘಟ್ಟದ ಕಡೆ ಅದು ಬೇಗ ಸಿಗುತ್ತದೆ. ನಾಲ್ಕು ಮೂಲೆ ಮತ್ತು ನಡುವೆ ಹಾರೆ ಇಳಿಸಿ. ಠಣ್ ಅಂದರೆ ಎರಡು ಅಡಿ ಪಕ್ಕದಲ್ಲಿ ಮತ್ತೆ ಇಳಿಸಿ. ಅಲ್ಲಿ ಸಲೀಸಾಗಿ ಇಳಿದರೆ ಮೊದಲು ತಗುಲಿದ್ದು ಬಿಡಿ ಗುಂಡುಕಲ್ಲು ಇರಬಹುದು, ಜೆಸಿಬಿ ಬಕೆಟ್ಟಿನಲ್ಲೇ ಎದ್ದುಬರುತ್ತದೆ. ಎಲ್ಲಿ ಚುಚ್ಚಿದರೂ ಠಣ್ ಅಂದರೆ ಬಂಡೆ. ಅದಕ್ಕೆ ಕಲ್ಲು ಒಡೆಯುವ ಬ್ರೇಕರ್ ಬೇಕು. ಬಾಡಿಗೆ ಜಾಸ್ತಿ, ಕೆಲಸ ನಿಧಾನ. ಬ್ರೇಕರ್ ರೇಟನ್ನು ಮೊದಲೇ ಬೇರೆಯಾಗಿ ಮಾತಾಡಿಕೊಳ್ಳಿ.

ದೇವನಹಳ್ಳಿ, ಹೊಸಕೋಟೆ ಕಡೆ ಸಮತಟ್ಟು ನೆಲ, ಕೆಂಪು ಮಣ್ಣು. ಆದರೆ ಎಷ್ಟೋ ಲೇಔಟುಗಳು ಹಳೇ ನೀಲಗಿರಿ ತೋಪಿನ ಮೇಲೆ ಎದ್ದಿವೆ. ನೀಲಗಿರಿಯನ್ನು ಸುಮ್ನೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೊಡ್ಡೆ ಕೀಳಿಸಲೇಬೇಕು. ಕಿತ್ತ ಗುಂಡಿಗೆ ಮಣ್ಣು ತುಂಬಿ, ನೀರು ಹಾಕಿ, ದಿಮ್ಮಸು ಹೊಡೆಸಿ. ಮರ ಎಷ್ಟಿವೆ ಅನ್ನುವುದಕ್ಕಿಂತ ಬೊಡ್ಡೆ ಎಷ್ಟಿವೆ ಅಂತ ಎಣಿಸಿಯೇ ರೇಟು ಕೇಳಿ.

ಕೆರೆ ಪಕ್ಕದ ತಗ್ಗಿನ ಸೈಟಿನಲ್ಲಿ ಜೇಡಿ ಮಣ್ಣು. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಗಾಡಿ ಇಳಿಸಿದರೆ ಹೂತುಕೊಳ್ಳುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ.

ಕಾಂಗ್ರೆಸ್ ಗಿಡಕ್ಕೆ ಮಾತ್ರ ಲೆಕ್ಕ ಉಲ್ಟಾ. ಒಂದು ಮಳೆ ಬಿದ್ದು ಮಣ್ಣು ಸಡಿಲವಾದಾಗ, ಹೂ ಬಿಡುವ ಮುಂಚೆ, ಬೇರು ಸಮೇತ ಕೀಳಿಸಿ. ಕೆಲಸದವರಿಗೆ ಗ್ಲೌಸ್, ಮಾಸ್ಕ್ ಕೊಡಲೇಬೇಕು. ಆ ಗಿಡದಿಂದ ಮೈ ತುರಿಕೆ, ಉಬ್ಬಸ ಬರುತ್ತದೆ. ಲಂಟಾನವನ್ನು ಮಚ್ಚಿನಲ್ಲಿ ಸವರಿದರೆ ದುಡ್ಡು ದಂಡ, ಪಿಕಾಸಿಯಿಂದ ಬುಡ ತೆಗೆಯಬೇಕು. ಪೊದೆಗೆ ಕೈ ಹಾಕುವ ಮೊದಲು ಉದ್ದನೆಯ ಕೋಲಿನಿಂದ ಬಡಿಯಿರಿ. ಕೊಳಕುಮಂಡಲ ಹಾವು ಅಲ್ಲೇ ಮಲಗಿರಬಹುದು.

ಹೊಂಗೆ, ಬೇವು ಇದ್ದರೆ ಕಡಿಯಲು 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ಗೆ ವಿನಾಯಿತಿ ಇದೆ. ಮೂಲೆಯಲ್ಲಿ ಒಂದು ಹೊಂಗೆ ಇದ್ದರೆ ಪ್ಲಾನನ್ನೇ ಸ್ವಲ್ಪ ಸರಿಸಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಂಥ ನೆರಳು ಬೆಳೆಯಲು ವರ್ಷಗಳು ಬೇಕು, ಅಲ್ವಾ?

ಇನ್ನು ಸಾಗಾಟ. 30-40 ಸೈಟಿನಲ್ಲಿ ಅರ್ಧ ಅಡಿ ಮೇಲ್ಮಣ್ಣು ತೆಗೆದರೆ 600 ಘನ ಅಡಿ. ಅಗೆದ ಮಣ್ಣು ಉಬ್ಬುತ್ತದೆ, ಸುಮಾರು 750 ಅಂತ ಇಟ್ಟುಕೊಂಡು ಟಿಪ್ಪರ್ ಲೋಡ್ ಎಣಿಸಿ. ಆ ಮಣ್ಣು ಎಲ್ಲಿ ಸುರಿಯುತ್ತೀರಿ ಅಂತ ಟಿಪ್ಪರಿನವರನ್ನು ಕೇಳಿ. ಮಳೆನೀರು ಹರಿಯುವ ರಾಜಕಾಲುವೆಗೆ ಅಂದರೆ ಬೇಡ ಅನ್ನಿ, ಮುಂದಿನ ಮಳೆಗೆ ಯಾರದೋ ಮನೆಗೆ ನೀರು ನುಗ್ಗುತ್ತದೆ. ಕಿತ್ತ ಗಿಡಕ್ಕೆ ಬೆಂಕಿಯನ್ನೂ ಹಾಕಿಸಬೇಡಿ.